ಹನ್ನೊಂದು ಸಲ ತಟ್ಟೆ ಬಡಿದವನು

ಕೆಳಪೇಟೆ,
ನೂರ ಎಂಬತ್ತೆಂಟನೆಯ ಬೇಸಿಗೆ, ಐದನೆಯ ತಿಂಗಳು, ಮೂವತ್ತೇಳನೆಯ ತಾರೀಖು.

ನನ್ನ ಮುತ್ತಜ್ಜಂದಿರ ಕಾಲದ ಓದುಗರಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗದು, ಹುಡುಕಬೇಡಿ. ನೀವಿರುವ ದಿನಕ್ಕೆ ಮುನ್ನೂರು ಚಿಲ್ಲರೆ ವರ್ಷ ಸೇರಿಸಿದರೆ ನಾನು ಸಿಗುತ್ತೇನೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಒಂದೂ ತಪ್ಪಿಲ್ಲದಂತೆ ಮಾತಾಡಿ ಮಾತಾಡಿ ಅದು ಹೀಗಾಗಿದೆ, ಮತ್ತು ಆ ತಪ್ಪಿಲ್ಲದ ಮಾತಿಗೇ ನಾಚಿ ಈ ಕಾಗದ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಬೇರೆಯವರು ತಾವು ಕಾಣದ ಅಜ್ಜಿಗೊಂದು ನಮಸ್ಕಾರ ಬರೆದು ಕಳಿಸುತ್ತಾರೆ. ನಾನು ಒಂದು ಸಾವಿನ ವಿಷಯ ಬರೆಯಬೇಕಾಗಿದೆ.

ಮೇಲಿನ ಬಿಸಿಲು ತಡೆಯಲಾಗದೆ ನಮ್ಮ ಹಿರಿಯರು ಒಂದು ಹಳೆಯ ಗಣಿಯೊಳಕ್ಕೆ ಇಳಿದು ಕಟ್ಟಿಕೊಂಡ ಊರು ಕೆಳಪೇಟೆ. ಇಲ್ಲಿ ಬೀದಿಗಳೆಲ್ಲ ಸುರಂಗಗಳು. ಒಂದೊಂದು ಸುರಂಗಕ್ಕೂ ಒಂದು ಗಾಳಿಯಂತ್ರ, ಅದನ್ನು ನೋಡಿಕೊಳ್ಳಲು ಒಬ್ಬರು ಗಾಳಿಕಾವಲು. ದೀಪದ ಕೆಳಗೆ ಬೆಳೆದ ರಾಗಿಯ ಮುದ್ದೆ, ಅಣಬೆ ಸಾರು ನಮ್ಮ ಊಟ. ಊಟವಾದ ಮೇಲೆ ಎಲ್ಲರಿಗೂ ಕಡ್ಡಾಯ ನಿದ್ದೆ, ಏಕೆಂದರೆ ಮಲಗಿದವರಿಗೆ ಗಾಳಿ ಕಡಿಮೆ ಸಾಕು. ವಾರಕ್ಕೊಮ್ಮೆ ಮಾತುಕಟ್ಟೆ ಸೇರುತ್ತದೆ. ಅಲ್ಲಿ ಪ್ರತಿಯೊಬ್ಬ ಕೆಲಸಗಾರನೂ ಎದ್ದು ನಿಂತು ವಾರದ ವರದಿ ಹೇಳಬೇಕು. ಪಕ್ಕದಲ್ಲಿ ಹಿತ್ತಾಳೆ ತಟ್ಟೆ ಹಿಡಿದು ತಿದ್ದುಗಾರ ಕೂತಿರುತ್ತಾನೆ. ಮಾತು ತಪ್ಪಿದರೆ ಅವನು ತಟ್ಟೆ ಬಡಿಯುತ್ತಾನೆ. ಹೇಳುವವರು ಮೊದಲಿನಿಂದ ಶುರು ಮಾಡಬೇಕು. ಪೂರ್ತಿಯಾಗದ ವರದಿಯನ್ನು ಯಾರೂ ಗಣನೆಗೆ ತೆಗೆದುಕೊಳ್ಳುವಂತಿಲ್ಲ. ನಲವತ್ತು ವರ್ಷದಿಂದ ಆ ತಿದ್ದುಗಾರ ನಾನೇ. ಹೆಸರು ವೆಂಕಟರೋಣಪ್ಪ.

ಯಾವುದು ತಪ್ಪೆಂದು ನಮಗೆ ಕಲಿಸಿದವರು ನೀವು. ಗಣಿಗೆ ಇಳಿದವರ ಪೆಟ್ಟಿಗೆಯೊಂದರಲ್ಲಿ ಒಂದು ಪಟ್ಟಿ ಉಳಿದಿತ್ತು. ನಿಮ್ಮ ಕಾಲದ ಯಾರೋ ಸಿಡಿಮಿಡಿಗೊಂಡು ಬರೆದದ್ದು, ಹೆಸರು ‘ಕಿವಿ ಸುಡುವ ನೂರೆಂಟು ತಪ್ಪುಗಳು’. ‘ಕೂಲಂಕುಷ’ ಎಂದವರನ್ನು ಕೂಲಂಕಷವಾಗಿ ವಿಚಾರಿಸಿಕೊಳ್ಳಿ, ‘ಅನಾನುಕೂಲ’ ಎನ್ನುವವರ ಮನೆಯ ನೆಂಟಸ್ತನ ಬೇಡ, ‘ರಿಟರ್ನ್ ವಾಪಸ್ ಬಂದೆ’ ಎಂದವರನ್ನು ಬಂದ ದಾರಿಯಲ್ಲೇ ಕಳಿಸಿ, ‘ಸಹ ಕೂಡ’ ಎಂದವರ ಎಲೆಗೆ ಎರಡು ಸಲ ಉಪ್ಪು ಬಡಿಸಿ. ಹೀಗೆ ಸಾಗುತ್ತದೆ. ಬರೆದವರು ನಗುತ್ತಾ ಬರೆದಿದ್ದರೆಂದು ನನಗೆ ಈಗ ತೋಚುತ್ತಿದೆ. ಆ ನಗು ಮಾತ್ರ ಪೆಟ್ಟಿಗೆಯಲ್ಲಿ ಉಳಿದು ಬರಲಿಲ್ಲ. ನಾವು ಪಟ್ಟಿಯನ್ನು ಕಾನೂನು ಮಾಡಿಕೊಂಡೆವು. ನಮ್ಮಲ್ಲಿ ‘ಸಹ ಕೂಡ’ ಎಂದವರು ನಿಜವಾಗಿಯೂ ಎರಡು ಉಪ್ಪಿನ ಸಾರು ಉಂಡಿದ್ದಾರೆ. ನಾನೇ ನಿಂತು ಬಡಿಸಿದ್ದೇನೆ.

ಮೂರನೆಯ ಸುರಂಗದ ಗಾಳಿಕಾವಲು ಪಿಳ್ಳಮ್ಮ. ನನ್ನ ಮನೆಯಿರುವುದೂ ಅದೇ ಸುರಂಗದಲ್ಲಿ. ಸದ್ದು ಕೇಳಿಯೇ ಯಂತ್ರದ ಆರೋಗ್ಯ ಹೇಳಬಲ್ಲವಳು. ಆದರೆ ಅವಳು ನುಡಿಗಟ್ಟುಗಳನ್ನು ಕಲಸುವ ರೀತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಬರಿಯಾದರೆ ಜೀವ ಬಾಯಿಗೆ ಬರಬೇಕಲ್ಲವೆ? ಅವಳದು ಕಿವಿಗೆ ಬರುತ್ತಿತ್ತು. ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳಿ ಎನ್ನುವ ಬದಲು ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತಿದ್ದಳು. ಈ ಬೇಸಿಗೆಯ ಮೂರನೆಯ ತಿಂಗಳಲ್ಲಿ ಅವಳು ಮಾತುಕಟ್ಟೆಯಲ್ಲಿ ಎದ್ದು, “ಸ್ವಾಮಿ, ಒಂದ್ ಮಾತು ಒಸಿ ಹೊಟ್ಟೆಗಾಕ್ಕಳಿ, ನಮ್ ಮಿಷನ್ನು ಯಾಕೋ ನರಳ್ತೈತೆ,” ಎಂದಳು. ತಟ್ಟೆ ಬಡಿದೆ. ಮೊದಲಿನಿಂದ ಶುರು ಮಾಡಿದಳು, ಮತ್ತೆ ಬಡಿದೆ. ಜನ ನಗತೊಡಗಿದರು, ನನಗೆ ಹುರುಪು ಬಂತು. ಹೇಳಲು ನಾಚಿಕೆಯಾಗುತ್ತದೆ, ಅವಳ ತಪ್ಪೊಂದೂ ನನ್ನ ಕಿವಿಯಿಂದ ತಪ್ಪಿಸಿಕೊಳ್ಳಲಿಲ್ಲ, ಆದರೆ ಯಂತ್ರ ನರಳುತ್ತಿದೆ ಎಂಬುದು ಕಿವಿಗೆ ಬೀಳಲೇ ಇಲ್ಲ. ಹನ್ನೊಂದನೆಯ ಸಲ ಬಡಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಏನೂ ಇಲ್ಲ ಬಿಡಿ ಸ್ವಾಮಿ,” ಎಂದು ಕೂತುಬಿಟ್ಟಳು. ಈ ವಾಕ್ಯ ಶುದ್ಧವಾಗಿದೆ ಎಂದು ನಾನು ಎಲ್ಲರ ಮುಂದೆ ಹೊಗಳಿದೆ. ರಿಪೇರಿಯವರು ಬರಲಿಲ್ಲ.

ಒಂಬತ್ತು ದಿನ ಕಳೆದು, ಊಟದ ನಂತರದ ನಿದ್ದೆಯ ಹೊತ್ತಿನಲ್ಲಿ ಯಂತ್ರ ನಿಂತಿತು. ಗಾಳಿ ಕೆಟ್ಟರೆ ಮಲಗಿದವರಿಗೆ ತಾವಾಗಿ ಎಚ್ಚರವಾಗುವುದಿಲ್ಲ. ಪಿಳ್ಳಮ್ಮ ಒಂದೊಂದೇ ಬಾಗಿಲು ಗುದ್ದುತ್ತಾ, “ಜೀವ ಕಿವಿಗ್ ಬಂದೈತೆ, ಏಳ್ರಪ್ಪೋ, ಈಚೆಗೆ ಓಡ್ರೀ!” ಎಂದು ಕೂಗಿಕೊಂಡು ಬಂದಳು. ಇಪ್ಪತ್ತಮೂರು ಮನೆಯವರು ಎದ್ದು ಓಡಿದರು. ಅವಳ ಮಾತಿನ ಅರ್ಥವೇನೆಂದು ಒಬ್ಬರೂ ಕೇಳುತ್ತಾ ನಿಲ್ಲಲಿಲ್ಲ. ಇಪ್ಪತ್ತನಾಲ್ಕನೆಯ ಮನೆ ನನ್ನದು. ಬಾಗಿಲು ತೆರೆದವನೇ ಅವಳಿಗೆ ಅಡ್ಡ ನಿಂತು, ಜೀವ ಕಿವಿಗೆ ಬರುವುದಿಲ್ಲ, ಬಾಯಿಗೆ ಬರುತ್ತದೆ, ಇನ್ನೊಮ್ಮೆ ಹೇಳು ಎಂದೆ. ಹೌದು, ಹಾಗೆಂದೆ. ಅವಳು ಬೆದರಿ, ಅಷ್ಟು ವರ್ಷದ ಅಭ್ಯಾಸದಿಂದ, ಮೊದಲಿನಿಂದ ಶುರು ಮಾಡಿದಳು. ಎರಡು ಸಲ ತೊದಲಿದಳು. ಆಮೇಲೆ ನನ್ನನ್ನು ಬದಿಗೆ ತಳ್ಳಿ ಕೊನೆಯ ಮನೆಗೆ ಓಡಿದಳು. ಅಲ್ಲಿ ಅವಳ ಅಣ್ಣ, ಅಣಬೆ ಬೆಳೆಯುವ ನಾರೆಪ್ಪ, ಮಲಗಿದ್ದ. ಎಳೆದು ತರುವಷ್ಟರಲ್ಲಿ ಉಸಿರು ನಿಂತಿತ್ತು. ಒಂದು ನಿಮಿಷ ಮೊದಲಾಗಿದ್ದರೆ ಉಳಿಯುತ್ತಿದ್ದ ಎಂದರು ವೈದ್ಯರು. ಆ ನಿಮಿಷ ಎಲ್ಲಿ ಹೋಯಿತೆಂದು ಅವಳಿಗೂ ನನಗೂ ಮಾತ್ರ ಗೊತ್ತು. ಅವಳು ಯಾರಿಗೂ ಹೇಳಿಲ್ಲ. ಈ ಕಾಗದದವರೆಗೆ ನಾನೂ ಹೇಳಿರಲಿಲ್ಲ.

ಆ ಪಟ್ಟಿ ಬರೆಯುವವರು ನಿಮ್ಮಲ್ಲೇ ಯಾರೋ ಇದ್ದೀರಿ. ಬರೆಯಬೇಡಿ ಎನ್ನಲಾರೆ, ತಪ್ಪು ಮಾತು ಕೇಳಿದರೆ ನನಗೆ ಈಗಲೂ ಹಲ್ಲು ಜುಮ್ಮೆನ್ನುತ್ತದೆ, ಆ ರೋಗ ಹೋಗುವಂಥದ್ದಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿ, ಸಾಕು: ‘ಇದು ತಮಾಷೆಗೆ ಬರೆದದ್ದು, ನಮ್ಮ ಮನೆಯಲ್ಲೂ ಹೀಗೇ ಮಾತಾಡುತ್ತೇವೆ.’ ಆ ಸಾಲು ನಮ್ಮ ಪೆಟ್ಟಿಗೆಯವರೆಗೆ ಬಂದರೆ ನನ್ನ ಕೈಗೆ ತಟ್ಟೆ ಬರುವುದಿಲ್ಲ, ನಾರೆಪ್ಪ ಆ ಮಧ್ಯಾಹ್ನ ಕಣ್ಣುಜ್ಜಿಕೊಂಡು ಹೊರಗೆ ಬರುತ್ತಾನೆ. ಹಾಗಾಗುತ್ತದೋ ಇಲ್ಲವೋ ಹಿಂದಂಚೆಯವರಿಗೂ ಗೊತ್ತಿಲ್ಲ. ಆದರೂ ಕೈಮುಗಿದು ಕೇಳುತ್ತಿದ್ದೇನೆ.

ಪಿಳ್ಳಮ್ಮನಿಗೆ ಹೇಳಬೇಕಾದ ಕ್ಷಮೆಯ ಮಾತನ್ನು ಎರಡು ತಿಂಗಳಿಂದ ಬರೆದು ಬರೆದು ತಿದ್ದುತ್ತಾ ಕೂತಿದ್ದೆ. ಒಂದು ಕರಡೂ ನನಗೆ ಒಪ್ಪಿಗೆಯಾಗಲಿಲ್ಲ. ನಿನ್ನೆ ಬರಿಗೈಯಲ್ಲಿ ಹೋದೆ. ಅವಳು ಬಾಗಿಲಿಗೆ ಬಂದಳು. “ಪಿಳ್ಳಮ್ಮ, ನಾನು... ನಿನ್ನ ಅಣ್ಣ... ಆ ದಿನ ಬಾಗಿಲಲ್ಲಿ... ನನ್ನಿಂದ...” ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ. ಮೊದಲಿನಿಂದ ಶುರು ಮಾಡಲು ಹೋದೆ. ಅವಳು ಕೈ ಎತ್ತಿ ತಡೆದಳು.

“ಅರ್ಥ ಆಯ್ತು ಬಿಡಿ ಸ್ವಾಮಿ,” ಎಂದು ಬಾಗಿಲು ಹಾಕಿಕೊಂಡಳು. ನಲವತ್ತು ವರ್ಷದಲ್ಲಿ ನಾನು ಯಾರಿಗೂ, ಒಮ್ಮೆಯೂ, ಹಾಗೆ ಹೇಳಿದವನಲ್ಲ.

ವೆಂಕಟರೋಣಪ್ಪ