ಹಿತ್ತಲಿನ ಪಾಠ

ರೀ,

ನಿಮ್ಮ ತಿಥಿ ಆದಾಗಿನಿಂದ ಮಗಳು ಮೇಘ ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಅವಳು ತೊದಲುತ್ತಾಳೆಂದು ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರಲ್ಲ, ಆಗ ನೀವು ಶಾಲೆ ಬಿಡಿಸಿ, ಬದನೆ, ಅವರೆಗಳ ನಡುವೆ ಕೂರಿಸಿಕೊಂಡು ಓದು, ಲೆಕ್ಕ ಎಲ್ಲ ಕಲಿಸಿದಿರಿ. ಇವತ್ತು ಬೆಳಿಗ್ಗೆ ಆ ಪಾಠವನ್ನು ನಾನು ಮುಂದುವರಿಸಲು ಹೊರಟೆ.

ಬದನೆ ಗಿಡಗಳೆಲ್ಲ ಒಣಗಿವೆ. ಬೇಲಿಗೆ ಹಬ್ಬಿದ್ದ ಬಳ್ಳಿಯೊಂದನ್ನು ತೋರಿಸಿ, “ಇದೇನವ್ವ, ಹೇಳು” ಅಂದೆ.

ಅವಳ ತುಟಿ ಅದುರಿತು, ಮಾತು ಹೊರಡಲಿಲ್ಲ. ನನಗೆ ಕೆಲಸಕ್ಕೆ ಹೊತ್ತಾಗಿತ್ತು. “ಬೇಗ ಹೇಳವ್ವ, ಅರಕಲಗೂಡಿನ ಬಸ್ಸು ಬತ್ತದೆ” ಅಂದೆ.

ಮೇಘ ತಲೆ ತಗ್ಗಿಸಿದಳು. “ಅ... ಅಪ್ಪ ಆಗಿದ್ರೆ ಕಾ... ಕಾಯೋರು” ಅಂದಳು.

ನಾನು ಅವಳ ಪಕ್ಕ ಮಣ್ಣಿನಲ್ಲೇ ಕೂತುಬಿಟ್ಟೆ. ಬಿಸಿಲು ನೆತ್ತಿಗೇರುವವರೆಗೆ ಕಾದೆ. ಅವಳು ಮತ್ತೆ ಬಾಯಿ ತೆರೆಯಲಿಲ್ಲ.