ಇಲಿ ಬಂದ ದಾರಿ

ಗೋದಾಮಿನ ಮ್ಯಾನೇಜರ್ ಸಾಹೇಬರಿಗೆ,

ಇಲಿಗಳು ನುಗ್ಗುತ್ತಿದ್ದ ದಾರಿ ಸಿಕ್ಕಿದೆ. ಊಟದ ಕೋಣೆ ಸರಿಯಾಗಿ ಗುಡಿಸಲಿಲ್ಲವೆಂದು ನೀವು ಕಸ ಗುಡಿಸುವ ಅಕ್ಕನನ್ನು ಕೆಲಸದಿಂದ ತೆಗೆದಿರಿ. ಅಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಇಲಿಗಳು ಬರುತ್ತಿದ್ದದ್ದು ನಿಮ್ಮದೇ ಕೋಣೆಯ ಎ.ಸಿ. ಪೈಪಿನ ಪಕ್ಕದ ತೂತಿನಿಂದ. ಅದಕ್ಕೆ ತಂತಿಜಾಲರಿ ತುರುಕಿ ಸಿಮೆಂಟು ಮೆತ್ತಿದ್ದೇನೆ. ಒಳಗೆ ಉಳಿದಿದ್ದ ಏಳು ಇಲಿಗಳೂ ಬೋನಿಗೆ ಬಿದ್ದವು.

ನಿಜ ಹೇಳಬೇಕೆಂದರೆ, ಈ ಪತ್ತೆ ನನ್ನದಲ್ಲ. ತಮ್ಮ ಚೀಲ ಒಯ್ಯಲು ಬಂದಿದ್ದ ಆ ಅಕ್ಕನೇ ಗೇಟಿನ ಹತ್ತಿರ ನನ್ನನ್ನು ತಡೆದು, "ಸಾಹೇಬ್ರ ರೂಮಲ್ಲಿ ನೋಡಮ್ಮ. ತಿಂಗಳಿಂದ ಹೇಳ್ತಾನೇ ಇದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ" ಎಂದರು.

ನನ್ನ ಕೆಲಸಕ್ಕೆ ಒಂದು ವರ್ಷದ ಖಾತರಿ ಕೊಡುತ್ತೇನೆ. ಆದರೆ ದಿನವೂ ಮೂಲೆಮೂಲೆ ನೋಡುವವರು ನಿಮ್ಮಲ್ಲಿರಬೇಕು. ದಯವಿಟ್ಟು ಸೋಮವಾರದೊಳಗೆ ಆ ಅಕ್ಕನನ್ನು ವಾಪಸ್ ಕರೆಸಿ. ಇಲ್ಲದಿದ್ದರೆ ನಾನೇ ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆ. ಅಂಥ ಕಣ್ಣು ನನಗೂ ಬೇಕು.

ಇತಿ,
ಇಲಿ ಹಿಡಿಯುವವಳು