ನೌಕೆಯೊಳಗೊಂದು ಬಟ್ಟೆ ಹಗ್ಗ

ಮಾರ್ಚ್ ೧೨, ಗುರುವಾರ

ಕತೆ ಬರೆದು ಮುಗಿಯಿತು! ಅಂತರಿಕ್ಷ ನೌಕೆಯಲ್ಲಿ ಒಬ್ಬ ಮುದುಕ, ಅವನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಕೊನೆ ಹೊಳೆಯದೆ ವಾರಗಟ್ಟಲೆ ತಲೆ ಚಚ್ಚಿಕೊಂಡಿದ್ದೆ. ಸಂಜೆ ಮಹಡಿಯಲ್ಲಿ ಬಟ್ಟೆ ಹರವುತ್ತಾ ಅತ್ತೆಗೆ ಹೇಳಿದೆ. ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಕೇಳಿದರು: "ಅದೆಲ್ಲ ಸರಿಯಮ್ಮಾ, ಅವನು ಬಟ್ಟೆ ಎಲ್ಲಿ ಒಣಗಿಸ್ತಾನೆ?"

ನಕ್ಕುಬಿಟ್ಟೆ. ಮರುಕ್ಷಣ ಬಕೆಟ್ಟು ಅಲ್ಲೇ ಬಿಟ್ಟು ಕೆಳಗೋಡಿದೆ.

ಕತೆಯ ಕೊನೆ ಹೀಗೆ: ಮುದುಕ ಇಂಜಿನ್ ಕೋಣೆಯಲ್ಲಿ ಹಗ್ಗ ಕಟ್ಟಿದ್ದಾನೆ. ಬೆಳಿಗ್ಗೆ ಎದ್ದು ನೋಡಿದರೆ ಅವನ ಅಂಗಿಯ ಪಕ್ಕದಲ್ಲಿ ಪುಟ್ಟದೊಂದು ಫ್ರಾಕು. ಇನ್ನೂ ಒದ್ದೆ. ಅಷ್ಟೇ! ಸಂಪಾದಕರು ಇದರಲ್ಲಿ ಒಂದಕ್ಷರ ಮುಟ್ಟಲಿ, ನೋಡಿಕೊಳ್ಳುತ್ತೇನೆ.

ಅತ್ತೆಗೆ ಓದಿ ಹೇಳಿದೆ. ಎದ್ದು ಮಲಗಲು ಹೋದರು. ಈಗ, ತಮ್ಮ ಕೋಣೆಯ ದೀಪ ಆರಿಸಿದ ಮೇಲೆ, ಪಕ್ಕದ ಕೋಣೆಯಿಂದ ಕೂಗುತ್ತಿದ್ದಾರೆ: "ಆ ಮಗೂಗೆ ಊಟ ಯಾರು ಹಾಕ್ತಾರಮ್ಮಾ?"